ನಿಂತಲ್ಲೇ ನಿಂತ ಉಸಿರು

ಜನಸಂದಣಿಯಲ್ಲಿ ಸಂಭವಿಸುವ ಸಾವಿಗೆ ಕನ್ನಡದಲ್ಲಿ ಎರಡು ಮಾತುಗಳು ಬಳಕೆಯಲ್ಲಿವೆ. ಒಂದು ಕಾಲ್ತುಳಿತ, ಇನ್ನೊಂದು ನೂಕುನುಗ್ಗಲು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ, ತಮ್ಮ ತಂಡದ ವಿಜಯೋತ್ಸವವನ್ನು ಕಣ್ಣಾರೆ ಕಾಣಬೇಕೆಂದು ಬಂದವರಲ್ಲಿ 11 ಮಂದಿ ಪ್ರಾಣ ಕಳೆದುಕೊಂಡಾಗಲೂ ಪತ್ರಿಕೆಗಳಲ್ಲಿ, ಮನೆಮನೆಯ ಮಾತಿನಲ್ಲಿ, ಮೊದಲು ಮೂಡಿದ ಪದ ಕಾಲ್ತುಳಿತವೇ. ಪದವೊಂದು ರೂಢಿಗೆ ಬಂದ ಮೇಲೆ ಅದರೊಳಗೆ ಅಡಗಿ ಕುಳಿತಿರುವ ತೀರ್ಪನ್ನು ನಾವು ಪರೀಕ್ಷಿಸುವುದಿಲ್ಲ. ತುಳಿತವೆಂದರೆ ತುಳಿದವನೊಬ್ಬನಿರಬೇಕು, ನೂಕುನುಗ್ಗಲೆಂದರೆ ನೂಕಿದವನೂ ನುಗ್ಗಿದವನೂ ಇರಬೇಕು. ಹೀಗೆ ವಿಚಾರಣೆ ನಡೆಯುವುದಕ್ಕೆ ಮೊದಲೇ, ಮೃತರ ಗುರುತು ಹಿಡಿಯುವುದಕ್ಕೂ ಮೊದಲೇ, ಅಪರಾಧಿ ಯಾರೆಂಬುದು ಭಾಷೆಯಲ್ಲಿಯೇ ನಿರ್ಣಯವಾಗಿಬಿಡುತ್ತದೆ: ಜನ. ಈ ಎರಡು ಪದಗಳ ವಿಷಯದಲ್ಲಿ ನನ್ನಲ್ಲಿ ಶಂಕೆಯನ್ನು ಹುಟ್ಟಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಫುಟ್‌ಬಾಲ್ ಮೈದಾನವೊಂದರಲ್ಲಿ 1989ರ ಏಪ್ರಿಲ್ 15ರ ಶನಿವಾರ ನಡೆದ ದುರಂತದ ಚರಿತ್ರೆ. ಅದರಲ್ಲಿ ಅಸುನೀಗಿದವರು 97 ಮಂದಿ. ಅವರನ್ನು ಕೊಂದದ್ದು ಓಡುವ ಕಾಲುಗಳಲ್ಲ. ಎದೆ ಅರಳಲು ಬೇಕಾದ ಒಂದೆರಡು ಅಂಗುಲ ಎಡೆ ಇಲ್ಲದೆ, ಅನೇಕರು ನಿಂತ ಹಾಗೆಯೇ ಉಸಿರುಗಟ್ಟಿ ಹೋದರು.

ಅಂದು ಅಲ್ಲಿ ಏರ್ಪಟ್ಟಿದ್ದುದು ಎಫ್‌ಎ ಕಪ್ ಪಂದ್ಯಾವಳಿಯ ಸೆಮಿಫೈನಲ್. ಎದುರಾದವರು ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದವರು. ಎರಡು ಪಕ್ಷಗಳಿಗೂ ಸ್ವಂತವಲ್ಲದ ನೆಲದಲ್ಲಿ ಇಂಥ ಪಂದ್ಯವನ್ನಾಡಿಸುವುದು ಅಲ್ಲಿನ ಸಂಪ್ರದಾಯವಾದ್ದರಿಂದ ಶೆಫೀಲ್ಡಿನ ಹಿಲ್ಸ್‌ಬರೊ ಕ್ರೀಡಾಂಗಣವನ್ನು ಆರಿಸಲಾಗಿತ್ತು. ಹಿಂದಿನ ವರ್ಷವೂ ಇದೇ ಎರಡು ತಂಡಗಳು ಇದೇ ಮೈದಾನದಲ್ಲಿ ಇದೇ ಘಟ್ಟದ ಪಂದ್ಯವನ್ನು ಆಡಿದ್ದವು. ಆದಕಾರಣ ಏರ್ಪಾಡು ಮಾಡುವವರಿಗೆ ಎಲ್ಲವೂ ಪರಿಚಿತವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಅಪರಿಚಿತರಾಗಿದ್ದವರು ಒಬ್ಬರೇ. ಹಿಂದೆ ಪೊಲೀಸ್ ವ್ಯವಸ್ಥೆಯನ್ನು ನೋಡಿಕೊಂಡಿದ್ದ ಅನುಭವಿ ಅಧಿಕಾರಿ ಬ್ರಯಾನ್ ಮೋಲ್ ಅವರನ್ನು ಬೇರೆಡೆಗೆ ವರ್ಗಾಯಿಸಿ, ಪಂದ್ಯಕ್ಕೆ ಪೂರ್ತಿ ಮೂರು ವಾರವೂ ಉಳಿಯದಿದ್ದಾಗ ಡೇವಿಡ್ ಡಕೆನ್‌ಫೀಲ್ಡ್ ಎಂಬುವರನ್ನು ಆ ಸ್ಥಾನಕ್ಕೆ ತಂದು ಕೂರಿಸಿದ್ದರು. ಅಷ್ಟು ದೊಡ್ಡ ಪಂದ್ಯವನ್ನು ಆ ಮೈದಾನದಲ್ಲಿ ನಿರ್ವಹಿಸಿದ ಅನುಭವ ಅವರಿಗಿರಲಿಲ್ಲ.

ಲಿವರ್‌ಪೂಲಿನವರಿಗೆ ಕೊಟ್ಟಿದ್ದ ಭಾಗ ಮೈದಾನದ ಪಶ್ಚಿಮಕ್ಕೆ, ಲೆಪ್ಪಿಂಗ್ಸ್ ಲೇನ್ ಎಂಬ ಬೀದಿಯ ಕಡೆಗೆ ಇತ್ತು. ಗೋಲಿನ ಹಿಂಭಾಗದಲ್ಲಿ ಕಾಂಕ್ರೀಟಿನ ಮೆಟ್ಟಿಲುಗಳನ್ನು ಕಟ್ಟಿ, ಅಲ್ಲಿ ಜನ ನಿಂತು ನೋಡುವಂತೆ ಮಾಡಿದ್ದರು. ಅದು ಮೊದಲು ಒಂದೇ ಅಖಂಡ ಜಾಗವಾಗಿತ್ತು. 1981ರಲ್ಲಿ ಟಾಟನ್‌ಹ್ಯಾಮ್ ಮತ್ತು ವುಲ್ವ್ಸ್ ತಂಡಗಳ ಸೆಮಿಫೈನಲ್‌ನಲ್ಲಿ ಅಲ್ಲಿಯೇ ಜನ ಇಕ್ಕಟ್ಟಿಗೆ ಸಿಕ್ಕಿ, 38 ಮಂದಿ ಕೈಕಾಲು ಮುರಿದುಕೊಂಡೋ ಬೇರೆ ರೀತಿಯಲ್ಲಿ ಪೆಟ್ಟಾಗಿಯೋ ಹೊರಬಂದರು. ಆ ಘಟನೆ ಒಂದು ಎಚ್ಚರಿಕೆಯೇ ಸರಿ. ಆದರೆ ಅದರಿಂದ ಕಲಿತ ಪಾಠ ವಿಪರೀತವಾದದ್ದು. ಜನ ಪಕ್ಕಪಕ್ಕಕ್ಕೆ ಸರಿದಾಡದಂತೆ ಮೇಲಿನಿಂದ ಕೆಳಗಿನವರೆಗೆ ಕಂಬಿಬೇಲಿಗಳನ್ನು ನೆಟ್ಟರು, 1985ರಲ್ಲಿ ಇನ್ನಷ್ಟು ಬೇಲಿಗಳನ್ನು ಸೇರಿಸಿದರು. ಮುಂಭಾಗದಲ್ಲಿ, ಯಾರೂ ಮೈದಾನಕ್ಕೆ ಜಿಗಿಯದ ಹಾಗೆ, ಮೇಲ್ತುದಿ ಪ್ರೇಕ್ಷಕರ ಕಡೆಗೇ ಬಾಗಿದ ಎತ್ತರದ ಬೇಲಿಯಂತೂ ಇತ್ತು. ಹೀಗೆ ಮೂರು ಕಡೆ ಮುಚ್ಚಿದ ಒಂದೊಂದು ವಿಭಾಗಕ್ಕೆ ಇಂಗ್ಲಿಷಿನವರು ಪೆನ್ ಎನ್ನುತ್ತಾರೆ. ಅದು ಕುರಿದನಗಳನ್ನು ಕೂಡುವ ಜಾಗಕ್ಕೆ ಸಲ್ಲುವ ಮಾತು. ನಮ್ಮ ಹಳ್ಳಿಗಳಲ್ಲಿ ಅದರ ಹೆಸರು ದೊಡ್ಡಿ. ದೊಡ್ಡಿಯೆಂಬ ಹೆಸರಿಟ್ಟ ಮೇಲೆ ಅದರೊಳಗೆ ಹೋಗತಕ್ಕವರನ್ನು ಯಾವ ಕಣ್ಣಿನಿಂದ ನೋಡುತ್ತಿದ್ದರೆಂಬುದನ್ನು ವಿವರಿಸಬೇಕಾಗಿಲ್ಲ. ಆ ದಶಕದಲ್ಲಿ ಫುಟ್‌ಬಾಲ್ ಪ್ರೇಕ್ಷಕನೆಂದರೆ ಪುಂಡನೆಂದೇ ಅಧಿಕಾರಿಗಳ ಭಾವನೆ; 1985ರಲ್ಲಿ ಬ್ರಸೆಲ್ಸಿನ ಹೇಸೆಲ್ ಮೈದಾನದಲ್ಲಿ ಲಿವರ್‌ಪೂಲ್ ಬೆಂಬಲಿಗರ ದಾಳಿಯ ಪರಿಣಾಮವಾಗಿ 39 ಮಂದಿ ಸತ್ತದ್ದು ಆ ಭಾವನೆಯನ್ನು ಗಟ್ಟಿಗೊಳಿಸಿತ್ತು. ಭಯಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ಪುಂಡರನ್ನು ತಡೆಯಬೇಕೆಂಬ ಒಂದೇ ಚಿಂತೆಯಲ್ಲಿ ಮುಳುಗಿದವರಿಗೆ, ಬೇಲಿಯ ಒಳಗೆ ಇರತಕ್ಕವರಿಗೂ ಒಂದು ದಿನ ಹೊರಗೆ ಬರಬೇಕಾದೀತೆಂಬ ಯೋಚನೆಯೇ ಹೊಳೆಯಲಿಲ್ಲ. ಬೇಲಿಯಲ್ಲಿದ್ದ ಗೇಟುಗಳು ಒಬ್ಬರಾದ ಮೇಲೆ ಒಬ್ಬರು ನುಸುಳಬೇಕಾದಷ್ಟು ಕಿರಿದು, ಅವಕ್ಕೂ ಚಿಲಕ.

ಇನ್ನು ಲೆಕ್ಕದ ಮಾತು. ಇಷ್ಟೊಂದು ಬದಲಾವಣೆಗಳಾದರೂ 1979ರಲ್ಲಿ ಆ ಕ್ರೀಡಾಂಗಣಕ್ಕೆ ಕೊಟ್ಟಿದ್ದ ಸುರಕ್ಷತಾ ಪ್ರಮಾಣಪತ್ರವನ್ನು ಯಾರೂ ತಿದ್ದಿರಲಿಲ್ಲ. ನಿಲ್ಲುವ ಭಾಗಕ್ಕೆ ಒಟ್ಟು 10,100 ಮಂದಿ ಎಂಬ ಅಂಕಿ ಹಾಗೆಯೇ ಉಳಿದಿತ್ತು. ನಡುವಣ ಎರಡು ದೊಡ್ಡಿಗಳಲ್ಲಿ, ಅಂದರೆ 3 ಮತ್ತು 4ನೆಯದರಲ್ಲಿ, 2,200 ಮಂದಿ ಹಿಡಿಸುತ್ತಾರೆಂದು ಎಣಿಕೆ. ಸರ್ಕಾರದ ಮಾರ್ಗದರ್ಶಿಯನ್ನು ಅನುಸರಿಸಿ ಸರಿಯಾಗಿ ಗುಣಿಸಿದ್ದರೆ ಅದು 1,700ನ್ನು ಮುಟ್ಟುತ್ತಿರಲಿಲ್ಲ. ಸಾಲದ್ದಕ್ಕೆ, ಯಾವ ದೊಡ್ಡಿಯಲ್ಲಿ ಎಷ್ಟು ಜನ ಸೇರಿದ್ದಾರೆಂದು ಎಣಿಸುವ ಸಾಧನವೇ ಅಲ್ಲಿರಲಿಲ್ಲ. ಜನ ತಾವಾಗಿಯೇ ಹರಡಿಕೊಳ್ಳುತ್ತಾರೆ, ನೀರು ತನ್ನ ಮಟ್ಟವನ್ನು ಹುಡುಕಿಕೊಳ್ಳುವ ಹಾಗೆ, ಎಂಬ ನಂಬಿಕೆಯೇ ಅಲ್ಲಿನ ಪದ್ಧತಿ. ನೀರಿಗೆ ಅಡ್ಡಲಾಗಿ ಬದುಗಳನ್ನು ಕಟ್ಟಿದವರೇ ಅದು ಸಮನಾಗಿ ಹರಡಲಿ ಎಂದು ಕಾದು ಕುಳಿತದ್ದು ನನಗೆ ಎಷ್ಟು ಸಲ ಓದಿದರೂ ಸಂಕಟವನ್ನುಂಟುಮಾಡುತ್ತದೆ.

ಬಾಗಿಲ ಹೊರಗಿನ ಲೆಕ್ಕವೂ ಇದಕ್ಕಿಂತ ಮೇಲಲ್ಲ. ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟುಗಳು ಲಿವರ್‌ಪೂಲಿನ 24,000ಕ್ಕೂ ಹೆಚ್ಚು ಟಿಕೆಟ್‌ದಾರರಿಗೆ ಇದ್ದದ್ದು 23. ಅವುಗಳಲ್ಲಿ ನಿಲ್ಲುವ ಭಾಗದ 10,100 ಮಂದಿಗೆ ಮೀಸಲಾಗಿದ್ದವು ಏಳೇ ಏಳು. ಒಂದು ಗೇಟಿನಿಂದ ಗಂಟೆಗೆ ಹೆಚ್ಚೆಂದರೆ 750 ಜನ ಒಳಹೋಗಬಹುದೆಂಬುದು ಆ ಕಾಲದ ಮಾರ್ಗದರ್ಶಿಯ ಅಂದಾಜು. ಏಳು ಗೇಟುಗಳಿಗೆ 5,250. ಅಂದರೆ ಎಲ್ಲರೂ ಒಂದು ಗಂಟೆಯ ಸುಮಾರಿಗೇ ಬಂದು ಬಿಡುವಿಲ್ಲದೆ ಒಳಹೊಕ್ಕಿದ್ದರೂ ಮೂರು ಗಂಟೆಗೆ ಆರಂಭವಾಗುವ ಆಟಕ್ಕೆ ಅಂತೂ ಇಂತೂ ಸರಿಹೋಗುತ್ತಿತ್ತು. ಹಾಗೆ ಎಲ್ಲಿಯ ಜನವೂ ಬರುವುದಿಲ್ಲ. ಎರಡೂವರೆಯ ಹೊತ್ತಿಗೆ ಆ ಏಳು ಗೇಟುಗಳನ್ನು ದಾಟಿದ್ದವರು 4,383 ಮಂದಿ. ಕೈಯಲ್ಲಿ ಟಿಕೆಟ್ ಹಿಡಿದು 5,700ಕ್ಕೂ ಹೆಚ್ಚು ಮಂದಿ ಇನ್ನೂ ಒಳಗೆ ಬರಬೇಕಾಗಿತ್ತು, ಉಳಿದಿದ್ದುದು ಅರ್ಧ ಗಂಟೆ. ತಡವಾಗಿ ಬಂದರು, ಕುಡಿದು ಬಂದರು, ಟಿಕೆಟ್ಟಿಲ್ಲದೆ ಬಂದರು ಎಂದು ಮುಂದೆ ಇಪ್ಪತ್ತೇಳು ವರ್ಷ ಕಾಲ ಆ ಜನರನ್ನು ದೂಷಿಸಿದವರು ಒಂದು ಕಾಗದ, ಒಂದು ಪೆನ್ಸಿಲು ತೆಗೆದುಕೊಂಡು ಈ ಭಾಗಾಕಾರವನ್ನು ಮಾಡಬಹುದಾಗಿತ್ತು. ಆಟವನ್ನು ಸ್ವಲ್ಪ ಮುಂದೂಡುವ ಉಪಾಯವೂ ಇಲ್ಲದಿರಲಿಲ್ಲ. ಎರಡು ವರ್ಷಗಳ ಹಿಂದೆ, 1987ರಲ್ಲಿ, ಇದೇ ಮೈದಾನದ ಸೆಮಿಫೈನಲ್ಲನ್ನು ಜನ ಒಳಗೆ ಸೇರಲೆಂದು ಕಾಲು ಗಂಟೆ ತಡವಾಗಿ ಆರಂಭಿಸಿದ್ದರು. ಈ ಸಲ ಮುಂದೂಡಲಿಲ್ಲ.

ಗೇಟುಗಳ ಮುಂದಿನ ಇಕ್ಕಟ್ಟಾದ ಅಂಗಳದಲ್ಲಿ ಜನ ಹಣ್ಣಾಗುತ್ತಿದ್ದುದನ್ನು ಕಂಡು, ಹೊರಗಿದ್ದ ಪೊಲೀಸ್ ಅಧಿಕಾರಿ, ದೊಡ್ಡ ಬಾಗಿಲನ್ನು ತೆರೆಯದಿದ್ದರೆ ಇಲ್ಲಿಯೇ ಸಾವು ಸಂಭವಿಸುವುದೆಂದು ಮತ್ತೆ ಮತ್ತೆ ತಂತಿಯಿಲ್ಲದ ಯಂತ್ರದಲ್ಲಿ ಮೊರೆಯಿಟ್ಟರು. 2 ಗಂಟೆ 52 ನಿಮಿಷಕ್ಕೆ ಡಕೆನ್‌ಫೀಲ್ಡ್ ಅಪ್ಪಣೆ ಕೊಟ್ಟರು; ‘ಸಿ’ ಎಂಬ ದೊಡ್ಡ ಬಾಗಿಲು ತೆರೆಯಿತು. ಐದು ನಿಮಿಷಗಳಲ್ಲಿ ಸುಮಾರು 2,000 ಮಂದಿ ಒಳಗೆ ನಡೆದರು. ನಡೆದರು ಎಂಬ ಕ್ರಿಯಾಪದವನ್ನು ನಾನು ಬೇಕೆಂದೇ ಬಳಸಿದ್ದೇನೆ. ಆ ಹೊತ್ತಿನ ಕ್ಯಾಮೆರಾ ಚಿತ್ರಗಳಲ್ಲಿ ಕಾಣುವುದು ಇಕ್ಕಟ್ಟಿನಿಂದ ಬಿಡುಗಡೆ ಹೊಂದಿದವರ ನಡಿಗೆಯೇ ಹೊರತು ನುಗ್ಗಾಟವಲ್ಲ.

ಈಗ ಆ ಬಾಗಿಲನ್ನು ದಾಟಿ ಬಂದ ಒಬ್ಬ ಪ್ರೇಕ್ಷಕನ ಜೊತೆ ನಾವೂ ನಾಲ್ಕು ಹೆಜ್ಜೆ ಹಾಕೋಣ. ಅಂಗಳದಲ್ಲಿ ಅವನೆದುರಿಗೆ ನೇರವಾಗಿ ಕಾಣುವುದು ಒಂದು ಸುರಂಗದಾರಿ. ಅದರ ನೆತ್ತಿಯ ಮೇಲೆ ‘ನಿಲ್ಲುವ ಭಾಗ’ ಎಂಬರ್ಥದ ದೊಡ್ಡ ಅಕ್ಷರಗಳು. ಅದರ ಆಚೆ ತುದಿಯಲ್ಲಿ ಬಿಸಿಲು ಬಿದ್ದ ಹಸುರು ಮೈದಾನ. ಎಡಬಲದ ದೊಡ್ಡಿಗಳಿಗೆ ಹೋಗಲು ಬೇರೆ ದಾರಿಗಳು ಉಂಟು; ಆದರೆ ಹೊಸದಾಗಿ ಬಂದವನ ಕಣ್ಣಿಗೆ ಅವು ಬೀಳುವಂತೆ ಸೂಚನಾಫಲಕಗಳಿಲ್ಲ, ದಾರಿ ತೋರಿಸುವ ಜನರೂ ಇಲ್ಲ. ಆಟ ಇನ್ನೇನು ಆರಂಭವಾಗಬೇಕು, ಒಳಗಿನ ಗದ್ದಲ ಕೇಳುತ್ತಿದೆ, ಎದುರಿಗೆ ಹಸುರು ಕಾಣುತ್ತಿದೆ. ಯಾವನಾದರೂ ಅಲ್ಲಿಗೇ ಹೋಗುತ್ತಾನೆ, ನಾನೂ ಹೋಗುತ್ತಿದ್ದೆ. ಸುರಂಗದ ನೆಲ ಇಳಿಜಾರು, ಆರು ಅಡಿ ನಡೆದರೆ ಒಂದಡಿ ಇಳಿಯುವಷ್ಟು. ಹಿಂದಿನಿಂದ ಬರುವವರ ಭಾರ ಆ ಇಳಿಜಾರಿನಲ್ಲಿ ತಾನೇ ತಾನಾಗಿ ಮುಂದಿನವರ ಮೇಲೆ ಬೀಳುತ್ತದೆ. ಆ ಸುರಂಗ ಬಾಯಿ ತೆರೆದುಕೊಳ್ಳುವುದು 3 ಮತ್ತು 4ನೆಯ ದೊಡ್ಡಿಗಳೊಳಕ್ಕೆ; ಅವು ಆ ವೇಳೆಗಾಗಲೇ ತುಂಬಿದ್ದವು. ಸುರಂಗದೊಳಗೆ ಕಾಲಿಟ್ಟವನಿಗೆ ಅದು ತಿಳಿಯುವ ಬಗೆಯಿಲ್ಲ. ತಿಳಿದ ಮೇಲೆ ಹಿಂದಿರುಗುವ ಬಗೆಯೂ ಇಲ್ಲ. ಎಲ್ಲವೂ ತಿಳಿಯಬಹುದಾಗಿದ್ದ ಜಾಗ ಒಂದಿತ್ತು. ಅದು ಮೈದಾನದ ಮೂಲೆಯಲ್ಲಿ ಎತ್ತರದಲ್ಲಿದ್ದ ಪೊಲೀಸರ ನಿಯಂತ್ರಣ ಕೊಠಡಿ. ಅದರ ಕಿಟಕಿಯಿಂದ ಆ ದೊಡ್ಡಿಗಳು ಕಣ್ಣಳತೆಯಲ್ಲಿಯೇ ಕಾಣುತ್ತಿದ್ದವು, ಒಳಗೆ ಕ್ಯಾಮೆರಾ ಪರದೆಗಳೂ ಇದ್ದವು.

ಮನುಷ್ಯದೇಹ ಎಷ್ಟು ಒತ್ತಡವನ್ನು ತಾಳುತ್ತದೆಂಬುದನ್ನು ಇಲ್ಲಿ ಹೇಳಲೇಬೇಕು. ಒಂದು ಚದರ ಮೀಟರು ಜಾಗದಲ್ಲಿ ನಾಲ್ವರು ನಿಂತರೆ ಮೈ ಮೈ ತಾಗದೆ ಅಲುಗಾಡಬಹುದು. ಐದಾರು ಮಂದಿಯಾದರೆ ಒಬ್ಬರ ಅಲುಗಾಟ ಇನ್ನೊಬ್ಬರದಾಗುತ್ತದೆ. ಏಳನ್ನು ಮೀರಿದರೆ ಅಲ್ಲಿ ಬಿಡಿ ಬಿಡಿ ಮನುಷ್ಯರಿರುವುದಿಲ್ಲ, ಇರುವುದು ಒಂದು ದ್ರವ; ಎಲ್ಲೋ ಹಿಂದೆ ಹುಟ್ಟಿದ ತುಯ್ತ ಅಲೆಯಾಗಿ ಬಂದು ಕಾಲುಗಳನ್ನು ನೆಲದಿಂದ ಎತ್ತಿ ಒಯ್ಯುತ್ತದೆ. ಉಸಿರಾಡುವುದಕ್ಕೆ ಪಕ್ಕೆಲುಬುಗಳು ಹಿಗ್ಗಬೇಕು. ಹಿಗ್ಗಲು ಬಿಡದಿದ್ದರೆ ಸುತ್ತ ಎಷ್ಟು ಗಾಳಿಯಿದ್ದರೂ ಅದು ಒಳಗೆ ಬಾರದು. ಕೆಲವು ನಿಮಿಷ ಹಾಗಾದರೆ ಸಾಕು. ನಾನು ಚಿಕ್ಕವನಾಗಿದ್ದಾಗ ಊರ ತೇರಿನ ದಿನ ಅಜ್ಜಿ ನನ್ನ ಎರಡು ಕೈಗಳನ್ನು ಹಿಡಿದು ಎದೆಯ ಮುಂದೆ ಮಡಚಿಸಿ, “ಕೈ ಕೆಳಗೆ ಬಿಡಬೇಡ ಮಗಾ, ಜನ ಒತ್ತಿದರೆ ಎತ್ತೋಕ್ಕಾಗಲ್ಲ” ಎನ್ನುತ್ತಿದ್ದಳು. ಅಂದು ಅದು ಅವಳ ಅತಿಯಾದ ಕಾಳಜಿಯೆಂದು ತಿಳಿದಿದ್ದೆ. ಎದೆಗೂ ಎದುರಿನ ಬೆನ್ನಿಗೂ ನಡುವೆ ಉಸಿರಿಗಾಗಿ ಒಂದು ಗೇಣು ಜಾಗ ಉಳಿಸುವ ವಿದ್ಯೆ ಅದು ಎಂದು ಹಿಲ್ಸ್‌ಬರೊದ ವರದಿಗಳನ್ನು ಓದಿದ ಮೇಲೆ ಅರಿತೆ.

ಮೂರು ಗಂಟೆಯ ಹೊತ್ತಿಗೆ ಆ ಎರಡು ದೊಡ್ಡಿಗಳಲ್ಲಿದ್ದವರು ಸುಮಾರು ಮೂರು ಸಾವಿರ ಮಂದಿ. ಆಟ ಆರಂಭವಾಯಿತು. 3 ಗಂಟೆ 4 ನಿಮಿಷದ ಸುಮಾರಿಗೆ ಲಿವರ್‌ಪೂಲಿನ ಪೀಟರ್ ಬಿಯರ್ಡ್ಸ್‌ಲಿ ಹೊಡೆದ ಚೆಂಡು ಮೈದಾನದ ಆ ತುದಿಯ ಗೋಲಿನ ಅಡ್ಡಪಟ್ಟಿಗೆ ಬಡಿಯಿತು. ಈ ತುದಿಯಲ್ಲಿ, ಆ ಸುಮಾರಿಗೇ, ಜನರ ಭಾರವನ್ನು ತಡೆಯಲೆಂದು ಮೆಟ್ಟಿಲುಗಳ ಮೇಲೆ ನೆಟ್ಟಿದ್ದ ಕಬ್ಬಿಣದ ಅಡ್ಡಕಂಬಿಯೊಂದು ಮೂರನೆಯ ದೊಡ್ಡಿಯಲ್ಲಿ ಮುರಿದು, ಅದಕ್ಕೆ ಒತ್ತಿ ನಿಂತವರು ಒಬ್ಬರ ಮೇಲೊಬ್ಬರು ರಾಶಿಯಾದರು. ಬೇಲಿ ಹತ್ತಲು ಹೆಣಗುತ್ತಿದ್ದವರನ್ನು ಕಂಡ ಪೊಲೀಸರಿಗೆ ಮೊದಲು ತೋರಿದ್ದು, ಇವರು ಮೈದಾನಕ್ಕೆ ದಾಳಿಯಿಡುತ್ತಿದ್ದಾರೆ ಎಂಬುದು. ಬೇಲಿಯೊಂದು ಕೇವಲ ಕಬ್ಬಿಣವಲ್ಲ, ಅದು ಒಂದು ಬಗೆಯ ಕಣ್ಣು. ಅದರ ಮೂಲಕ ನೋಡಿದವರಿಗೆ ಸಾಯುವವನೂ ದಾಳಿಕಾರನಾಗಿ ಕಂಡ. 3 ಗಂಟೆ 6 ನಿಮಿಷಕ್ಕೆ ಆಟ ನಿಂತಿತು. ಆ ಬಳಿಕವೂ ಪೊಲೀಸರ ಒಂದು ಸಾಲು, ಎರಡು ಕಡೆಯ ಬೆಂಬಲಿಗರು ಕೈಕೈ ಮಿಲಾಯಿಸದಿರಲೆಂದು, ಮೈದಾನದ ನಡುವೆ ಅಡ್ಡಲಾಗಿ ನಿಂತಿತ್ತು. ಆ ಸಾಲಿನ ಈಚೆಗೆ ಪ್ರೇಕ್ಷಕರೇ ಜಾಹೀರಾತು ಹಲಗೆಗಳನ್ನು ಕಿತ್ತು, ಅವುಗಳ ಮೇಲೆ ತಮ್ಮವರನ್ನು ಮಲಗಿಸಿ, ನಾಲ್ಕಾರು ಜನ ಹೊತ್ತು ಓಡುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ಕುಳಿತಿದ್ದವರು ಬಗ್ಗಿ, ಕೆಳಗಿನವರ ಕೈಹಿಡಿದು ಮೇಲಕ್ಕೆಳೆದು ಎಷ್ಟೋ ಜೀವಗಳನ್ನು ಉಳಿಸಿದರು. ಆಂಬುಲೆನ್ಸುಗಳು ಹತ್ತಾರು ಬಂದವು. ಆದರೆ ಅವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಮೈದಾನದೊಳಗೆ ಬಂದು ಮುಟ್ಟಿದವು.

ಆ ಅಪರಾಹ್ನವೇ ಡಕೆನ್‌ಫೀಲ್ಡ್, ಪ್ರೇಕ್ಷಕರೇ ಬಾಗಿಲು ಮುರಿದು ಒಳನುಗ್ಗಿದರೆಂದು ಫುಟ್‌ಬಾಲ್ ಸಂಸ್ಥೆಯ ಮುಖ್ಯಸ್ಥರಿಗೆ ಹೇಳಿದರು. ಬಾಗಿಲನ್ನು ತೆರೆಸಿದ್ದು ಅವರದೇ ಅಪ್ಪಣೆ. ಆ ಸುಳ್ಳು ಸಂಜೆಯೊಳಗೆ ಲೋಕವನ್ನು ಸುತ್ತಿತು. ಏಪ್ರಿಲ್ 19ರಂದು ‘ದಿ ಸನ್’ ಪತ್ರಿಕೆ, ‘ಸತ್ಯ’ ಎಂಬ ತಲೆಬರಹದ ಕೆಳಗೆ, ಲಿವರ್‌ಪೂಲಿನವರು ಸತ್ತವರ ಜೇಬುಗಳಿಗೆ ಕೈಹಾಕಿದರೆಂಬ ಅಪವಾದವನ್ನು ಅಚ್ಚು ಹಾಕಿತು. ಆ ನಗರದಲ್ಲಿ ಇಂದಿಗೂ ಆ ಪತ್ರಿಕೆಯನ್ನು ಮುಟ್ಟದವರು ಬಹಳ. ಮೃತರ ರಕ್ತವನ್ನು ತೆಗೆದು ಮದ್ಯದ ಅಂಶವಿದೆಯೇ ಎಂದು ಪರೀಕ್ಷಿಸಿದರು. ಅವರಲ್ಲಿ ಎಲ್ಲರಿಗಿಂತ ಕಿರಿಯನಾದವನಿಗೆ ಹತ್ತು ವರ್ಷ. ಮಕ್ಕಳನ್ನೂ ಆ ಪರೀಕ್ಷೆಯಿಂದ ಬಿಡಲಿಲ್ಲ.

ಸತ್ಯ ಯಾರಿಗೂ ಸಿಕ್ಕಿರಲಿಲ್ಲವೇ ಎಂದರೆ ಹಾಗೂ ಅಲ್ಲ. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಟೇಲರ್ ನಾಲ್ಕು ತಿಂಗಳೊಳಗೆ, ಅದೇ ಆಗಸ್ಟಿನಲ್ಲಿ, ಮಧ್ಯಂತರ ವರದಿ ಕೊಟ್ಟರು: ಮುಖ್ಯ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯ, ಬಾಗಿಲು ತೆರೆದಾಗ ಸುರಂಗವನ್ನು ಮುಚ್ಚದೆ ಹೋದದ್ದು ಅತಿ ದೊಡ್ಡ ಪ್ರಮಾದ. ಆದರೂ 1991ರಲ್ಲಿ ಮರಣ ವಿಚಾರಣೆಯ ಜ್ಯೂರಿ ಇದು ಆಕಸ್ಮಿಕ ಸಾವೆಂದು ತೀರ್ಮಾನಿಸಿತು. 3 ಗಂಟೆ 15 ನಿಮಿಷದ ಆಚೆಗೆ ನಡೆದದ್ದನ್ನು ಆ ವಿಚಾರಣೆಯಲ್ಲಿ ಎತ್ತುವಂತಿರಲಿಲ್ಲ. ಅಷ್ಟರೊಳಗೆ ಎಲ್ಲರ ಗತಿಯೂ ಮುಗಿದಿತ್ತೆಂದು ಮರಣ ವಿಚಾರಣೆ ನಡೆಸುವ ಅಧಿಕಾರಿಯಾದ ಕರೋನರ್ ಭಾವಿಸಿದ್ದರು. ತನ್ನ ಮಗ ಆಮೇಲೂ ಬದುಕಿದ್ದನೆಂದು ಒಬ್ಬ ತಾಯಿ ಜೀವಮಾನವಿಡೀ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದಳು. 2012ರಲ್ಲಿ ಬಿಷಪ್ ಜೇಮ್ಸ್ ಜೋನ್ಸ್ ಅಧ್ಯಕ್ಷತೆಯ ಸ್ವತಂತ್ರ ಸಮಿತಿ ಕಡತಗಳನ್ನೆಲ್ಲ ತೆರೆದಾಗ, ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತೆಂದೂ, ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತಿದ್ದರೆ 41 ಮಂದಿಗೆ ಬದುಕುವ ಸಾಧ್ಯತೆಯಿತ್ತೆಂದೂ ಹೊರಬಿತ್ತು. ಹಳೆಯ ತೀರ್ಮಾನ ರದ್ದಾಯಿತು. ಎರಡು ವರ್ಷಕ್ಕೂ ಮೀರಿ ನಡೆದ ಹೊಸ ವಿಚಾರಣೆಯ ಕೊನೆಯಲ್ಲಿ, 2016ರ ಏಪ್ರಿಲ್ 26ರಂದು, ಇವರನ್ನು ಕಾನೂನುಬಾಹಿರವಾಗಿ ಕೊಲ್ಲಲಾಯಿತೆಂದು ಜ್ಯೂರಿ ಬಹುಮತದಿಂದ ಹೇಳಿತು. ಪ್ರೇಕ್ಷಕರ ನಡತೆ ಕಾರಣವಲ್ಲವೆಂದೂ ಹೇಳಿತು. ಆ ತಾಯಿ ಅದನ್ನು ಕೇಳಲು ಇರಲಿಲ್ಲ. ಡಕೆನ್‌ಫೀಲ್ಡ್ 2019ರಲ್ಲಿ ಕ್ರಿಮಿನಲ್ ನ್ಯಾಯಾಲಯದಲ್ಲಿ ನಿರ್ದೋಷಿಯೆಂದು ಬಿಡುಗಡೆ ಹೊಂದಿದರು. ಶಿಕ್ಷೆಯೆಂದು ಆದದ್ದು ಆ ಮೈದಾನದ ಕ್ಲಬ್ಬಿನ ಅಂದಿನ ಕಾರ್ಯದರ್ಶಿಗೆ, ತಿರುಗು ಗೇಟುಗಳ ಏರ್ಪಾಡಿನ ಲೋಪಕ್ಕಾಗಿ, 6,500 ಪೌಂಡು ದಂಡ.

ತಿಳಿವಳಿಕೆಯ ಕೊರತೆಯಿಂದ ಇದಾಯಿತೆಂದು ಹೇಳುವ ದಾರಿಯನ್ನೂ ಚರಿತ್ರೆ ಮುಚ್ಚಿದೆ. 1946ರಲ್ಲಿ ಬೋಲ್ಟನ್ ಪಟ್ಟಣದ ಬರ್ನ್‌ಡನ್ ಪಾರ್ಕಿನಲ್ಲಿ ಜನ ತುಂಬಿ ತುಳುಕಿ 33 ಮಂದಿ ಸತ್ತಾಗಲೇ, ಮೈದಾನಗಳಿಗೆ ಪರವಾನಗಿ ಬೇಕು, ಒಳಹೋಗುವವರನ್ನು ಎಣಿಸಬೇಕು ಎಂದು ವಿಚಾರಣಾ ವರದಿ ಹೇಳಿತ್ತು. ಅದು ಕಾಯಿದೆಯ ರೂಪ ತಾಳಿದ್ದು, 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದ ಮೆಟ್ಟಿಲಿನಲ್ಲಿ 66 ಮಂದಿ ಸತ್ತ ತರುವಾಯ, 1975ರಲ್ಲಿ. 1985ರಲ್ಲಿ ಬ್ರ್ಯಾಡ್‌ಫರ್ಡಿನ ಮರದ ಸ್ಟ್ಯಾಂಡಿಗೆ ಬೆಂಕಿ ಹತ್ತಿ 56 ಮಂದಿ ಸುಟ್ಟು ಸತ್ತರು; ಅಲ್ಲಿ ಮುಂಭಾಗದಲ್ಲಿ ಎತ್ತರದ ಬೇಲಿ ಇರಲಿಲ್ಲವಾದ್ದರಿಂದ ಸಾವಿರಾರು ಜನ ಮೈದಾನಕ್ಕೆ ಇಳಿದು ಬದುಕಿಕೊಂಡರು. ನಾಲ್ಕು ವರ್ಷಗಳ ಬಳಿಕವೂ ಹಿಲ್ಸ್‌ಬರೊದ ಬೇಲಿ ಎದ್ದುನಿಂತೇ ಇತ್ತು. ಟೇಲರ್ ವರದಿಯಿಂದಾಗಿ ಇಂಗ್ಲೆಂಡಿನ ದೊಡ್ಡ ಮೈದಾನಗಳಲ್ಲಿ ಬೇಲಿಗಳು ಉರುಳಿದವು, ಆಸನಗಳು ಬಂದವು. ಬೇರೆ ಕಡೆ ಅದನ್ನು ಓದಿದವರು ಎಷ್ಟು ಮಂದಿಯೋ. 2022ರ ಅಕ್ಟೋಬರ್ 1ರ ರಾತ್ರಿ ಇಂಡೊನೇಷ್ಯದ ಮಲಾಂಗಿನಲ್ಲಿ, 38,000 ಜನರ ಕಂಜುರುಹಾನ್ ಕ್ರೀಡಾಂಗಣಕ್ಕೆ 42,000 ಟಿಕೆಟ್ ಮಾರಿದ್ದ ಪಂದ್ಯದ ಕೊನೆಗೆ, ಪೊಲೀಸರು ಪ್ರೇಕ್ಷಕರು ಕುಳಿತಲ್ಲಿಗೇ ಅಶ್ರುವಾಯು ಸಿಡಿಸಿದರು. ಕಿರಿದಾದ ಬಾಗಿಲುಗಳ ಬಳಿ ಸಿಕ್ಕಿಕೊಂಡು 135 ಮಂದಿ ಸತ್ತರು. ಮೊದಲು ಕೇಳಿಬಂದ ಮಾತು ಅಲ್ಲಿಯೂ ಪ್ರೇಕ್ಷಕರ ಪುಂಡಾಟದ್ದೇ.

ಹಿಲ್ಸ್‌ಬರೊದ 97ನೆಯ ಮರಣ ಸಂಭವಿಸಿದ್ದು 2021ರ ಜುಲೈಯಲ್ಲಿ. ಅಂದು ಇಪ್ಪತ್ತೆರಡರ ಯುವಕನಾಗಿದ್ದವನು ಮಿದುಳಿಗೆ ಪ್ರಾಣವಾಯು ಕಡಮೆಯಾಗಿ, ಮೂವತ್ತೆರಡು ವರ್ಷ ಮನೆಯವರ ಆರೈಕೆಯಲ್ಲಿ ಜೀವ ಹಿಡಿದುಕೊಂಡಿದ್ದು ಕೊನೆಗೆ ಕಣ್ಮುಚ್ಚಿದ. ಆ ಸಾವಿಗೂ ಕಾರಣ ಅಂದಿನ ಇಕ್ಕಟ್ಟೇ ಎಂದು ಕರೋನರ್ ಬರೆದರು. ಅವನನ್ನೂ ಉಳಿದ ತೊಂಬತ್ತಾರು ಜನರನ್ನೂ ಉಳಿಸಲು ಬಾಗಿಲು ತೆರೆದ ಕ್ಷಣದಲ್ಲಿ ಬೇಕಾಗಿದ್ದುದು ಹೊಸ ಕಟ್ಟಡವಲ್ಲ, ಹೊಸ ಕಾಯಿದೆಯಲ್ಲ. ಸುರಂಗದ ಬಾಯಿಗೆ ಅಡ್ಡಲಾಗಿ ಕೆಲವರು ಪೊಲೀಸರು ಸಾಲಾಗಿ ನಿಂತು, ಕೈಚಾಚಿ, ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಎಂದಿದ್ದರೆ ಸಾಕಾಗಿತ್ತು; ಹಿಂದಿನ ವರ್ಷ ನಡುವಣ ದೊಡ್ಡಿಗಳು ತುಂಬಿದಾಗ ಸುರಂಗದ ಬಾಯಲ್ಲಿ ನಿಂತು ಹೀಗೆಯೇ ತಮ್ಮನ್ನು ಪಕ್ಕಕ್ಕೆ ತಿರುಗಿಸಿದ್ದರೆಂದು ನೆನಪಿಸಿಕೊಂಡು ಸಾಕ್ಷ್ಯ ನುಡಿದವರಿದ್ದಾರೆ. ಎಡಬಲಗಳಲ್ಲಿ ಜಾಗವಿತ್ತು. ನಡುವಣ ದೊಡ್ಡಿಗಳಲ್ಲಿ ಜನರ ಮುಖಗಳು ಬೇಲಿಗೆ ಒತ್ತಿಹೋಗಿದ್ದ ಹೊತ್ತಿನಲ್ಲಿ ತೆಗೆದ ಚಿತ್ರಗಳಲ್ಲಿ, ಒಂದೇ ಕಂಬಿಬೇಲಿಯ ಆಚೆಗೆ, ಬದಿಯ ದೊಡ್ಡಿಗಳ ಕಾಂಕ್ರೀಟು ಮೆಟ್ಟಿಲುಗಳು ನಿಂತವರ ನಡುನಡುವೆ ಬರಿದಾಗಿ ಕಾಣುತ್ತವೆ.